ಹುಚ್ಚಲ್ಲ, ಆದರೆ ಮನಸ್ಸು ಸರಿಯಿರಲಿಲ್ಲ: ಕೊಲೆ ಕೇಸಲ್ಲಿ ಕಾನೂನು ಏನು ಹೇಳುತ್ತದೆ?

ಎಲ್ಲಾದರೂ ಕೊಲೆ ಆದ ಸುದ್ದಿ ಬಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತದೆ: "ತಲೆ ಸರಿಯಿಲ್ಲ ಅಂತ ಸರ್ಟಿಫಿಕೇಟ್ ತಂದ್ರೆ ಆಯ್ತು, ಬಚಾವ್!" ವಿಷಯ ಅಷ್ಟು ಸುಲಭ ಇಲ್ಲ.

ಇಂಗ್ಲೆಂಡಿನ ಒಂದು ಕೇಸ್ ನೋಡೋಣ. ಪಂಜಾಬಿನಿಂದ ಮದುವೆಯಾಗಿ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಸುಮಾರು ಹತ್ತು ವರ್ಷ ಗಂಡನ ಹೊಡೆತ, ಹಿಂಸೆ ಸಹಿಸಿದರು. 1989ರಲ್ಲಿ ಒಂದು ರಾತ್ರಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು. ಆತ ಸತ್ತ. ಕೋರ್ಟ್ ಇದನ್ನು ಕೊಲೆ ಎಂದಿತು. ಅಲ್ಲಿ ಕೊಲೆಗೆ ಜೀವಾವಧಿ ಶಿಕ್ಷೆ ಕಡ್ಡಾಯ. ಆದರೆ ಆಕೆ ತೀವ್ರ ಖಿನ್ನತೆಯಲ್ಲಿದ್ದರು ಎಂಬ ವೈದ್ಯರ ವರದಿ ಮೊದಲ ವಿಚಾರಣೆಯಲ್ಲಿ ಮುಂದೆ ಬಂದೇ ಇರಲಿಲ್ಲ. 1992ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪು ರದ್ದು ಮಾಡಿತು. ಮರುವಿಚಾರಣೆಯಲ್ಲಿ ಅಪರಾಧ 'ಕೊಲೆ'ಯಿಂದ 'ನರಹತ್ಯೆ'ಗೆ ಇಳಿಯಿತು. ಶಿಕ್ಷೆ ಮೂರು ವರ್ಷ ನಾಲ್ಕು ತಿಂಗಳು. ಅಷ್ಟನ್ನು ಆಗಲೇ ಅನುಭವಿಸಿದ್ದರಿಂದ ಬಿಡುಗಡೆಯಾಯಿತು. ಮಂಗಳೂರು ಮೂಲದ ಐಶ್ವರ್ಯಾ ರೈ ನಟಿಸಿದ 'ಪ್ರೊವೋಕ್ಡ್' ಸಿನಿಮಾ ಇದೇ ಕಥೆ.

ಆಕೆಗೆ ನೆರವಾದ ನಿಯಮದ ಹೆಸರು 'ಡಿಮಿನಿಶ್ಡ್ ರೆಸ್ಪಾನ್ಸಿಬಿಲಿಟಿ', ಅಂದರೆ ಕುಂದಿದ ಹೊಣೆಗಾರಿಕೆ. ಸ್ಕಾಟ್ಲೆಂಡಿನ ಕೋರ್ಟುಗಳಲ್ಲಿ ಹುಟ್ಟಿದ ಈ ವಿಚಾರವನ್ನು ಇಂಗ್ಲೆಂಡ್ 1957ರಲ್ಲಿ ಕಾನೂನಾಗಿ ಮಾಡಿಕೊಂಡಿತು. 2009ರಲ್ಲಿ ತಿದ್ದಿತು. ಆರೋಪಿಗೆ ವೈದ್ಯಲೋಕ ಒಪ್ಪಿದ ಕಾಯಿಲೆ ಇರಬೇಕು. ಅದರಿಂದ ತಿಳುವಳಿಕೆ, ವಿವೇಚನೆ ಅಥವಾ ಸ್ವಯಂ ನಿಯಂತ್ರಣ ಗಣನೀಯವಾಗಿ ಕುಂದಿರಬೇಕು. ಕೃತ್ಯಕ್ಕೆ ಅದೇ ಕಾರಣ ಎಂಬುದೂ ಕಾಣಬೇಕು. ಇದನ್ನು ತೋರಿಸುವ ಹೊಣೆ ಆರೋಪಿಯದ್ದೇ. ಬರೀ ಕುಡಿದ ಅಮಲು ಲೆಕ್ಕಕ್ಕಿಲ್ಲ. ಇದು ಸಾಬೀತಾದರೂ ಖುಲಾಸೆ ಸಿಗುವುದಿಲ್ಲ. ಅಪರಾಧದ ತೂಕ ಕಡಿಮೆಯಾಗುತ್ತದೆ, ಶಿಕ್ಷೆ ಎಷ್ಟೆಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ.

ನಮ್ಮ ದೇಶದಲ್ಲಿ? ಈ ನಡುವಿನ ಮೆಟ್ಟಿಲು ನಮ್ಮಲ್ಲಿಲ್ಲ. ಹಳೆಯ ಐಪಿಸಿ 84ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಕಾಸರಗೋಡಾಗಲಿ ಮಂಗಳೂರಾಗಲಿ, ಒಂದೇ ಕಾನೂನು. ಮಾನಸಿಕ ಅಸ್ವಸ್ಥತೆಯಿಂದಾಗಿ, ಕೃತ್ಯದ ಹೊತ್ತಿಗೆ ತಾನೇನು ಮಾಡುತ್ತಿದ್ದೇನೆ ಎಂದೋ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದೋ ಅರಿಯುವ ಶಕ್ತಿಯೇ ಇರಲಿಲ್ಲ ಎಂದಾದರೆ ಮಾತ್ರ ರಕ್ಷಣೆ. ಹಾಗೆ ಖುಲಾಸೆಯಾದವರನ್ನೂ ಸುರಕ್ಷಿತ ಕಸ್ಟಡಿಯಲ್ಲಿ ಇರಿಸಬಹುದು. ಖಿನ್ನತೆಯಿಂದ ಕುಗ್ಗಿದ್ದರೂ ಅರಿವು ಇದ್ದವರಿಗೆ ಈ ಸೆಕ್ಷನ್ ಒದಗುವುದಿಲ್ಲ. ಕೊಲೆಯನ್ನು ಕೆಳಗಿನ ಅಪರಾಧಕ್ಕೆ ಇಳಿಸುವ ಐದು ವಿನಾಯಿತಿಗಳಲ್ಲೂ ಮಾನಸಿಕ ಕಾಯಿಲೆ ಇಲ್ಲ. ಶಿಕ್ಷೆ ನಿರ್ಧರಿಸುವಾಗ ಮಾತ್ರ ಅದಕ್ಕೆ ತೂಕ ಸಿಗಬಹುದು: 2014ರಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆ ಗಲ್ಲನ್ನು ಜೀವಾವಧಿಗೆ ಇಳಿಸಲು ಕಾರಣವಾಗಬಲ್ಲದು ಎಂದಿತು.

ಹಾಗಾದರೆ ನಾವು ಕಲಿಯಬೇಕಾದ್ದು ಏನು? ಕೋರ್ಟ್ ನೋಡುವುದು ಕೃತ್ಯಕ್ಕೆ ಮುಂಚಿನ ಚಿಕಿತ್ಸೆಯ ಚೀಟಿ, ಡಾಕ್ಟರರ ಸಾಕ್ಷ್ಯ, ಆ ಹೊತ್ತಿನ ನಡವಳಿಕೆ. ಕೇಸಾದ ಮೇಲೆ ತಂದ ಕಾಗದ ಒಂದರಿಂದಲೇ ಏನೂ ಆಗದು. "ಮಗಳ ಮದುವೆ ಆಗ್ಲಿಕ್ಕುಂಟು, ಜನ ಏನು ಹೇಳಿಯಾರು" ಅಂತ ಮನೆಯವರ ಕಾಯಿಲೆ ಮುಚ್ಚಿಟ್ಟರೆ ಚಿಕಿತ್ಸೆಯೂ ಇಲ್ಲ, ದಾಖಲೆಯೂ ಇಲ್ಲ. ಅದಕ್ಕಿಂತ ದೊಡ್ಡದು, ಒಂದು ಜೀವ ಉಳಿಸುವ ಅವಕಾಶವೂ ಕೈತಪ್ಪುತ್ತದೆ. ಮನೆಯಲ್ಲಿ ಯಾರಾದರೂ ಕುಗ್ಗಿ ಹೋಗಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತೇ ಫೋನ್ ಮಾಡಿ. ವಕೀಲರ ಹತ್ತಿರ ಓಡುವ ದಿನ ಬರುವುದು ಬೇಡ.