ಮೀಟರಿಗೆ ಕಿಡಿ ಹೊಡೆಯುವ ಕೆಲಸ

ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ಲ್ಯಾಬಿನೊಳಗೆ 80 ಸೆಂಟಿಮೀಟರ್ ಎತ್ತರದ ಒಂದು ಮರದ ಮೇಜು. ಅದರ ಮೇಲೊಂದು ಲೋಹದ ಹಾಳೆ, ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಮ್ಯಾಟು, ಮ್ಯಾಟಿನ ಮೇಲೆ ನಮ್ಮ ಮನೆಗಳ ಗೋಡೆಯಲ್ಲಿರುವಂಥದೇ ಕರೆಂಟ್ ಮೀಟರು. ಟೆಕ್ನಿಷಿಯನ್ ಕೈಯಲ್ಲಿರುವುದು ನೋಡಲು ಡ್ರಿಲ್ಲಿಂಗ್ ಮೆಷಿನ್ನಿನಂತಿರುವ, ಸ್ಥಿರ ವಿದ್ಯುತ್ತಿನ ಕಿಡಿ ಹೊಡೆಯುವ ‘ಇಎಸ್‌ಡಿ ಗನ್’. ಅದರ ಚೂಪು ಮೊನೆಯನ್ನು ಮೀಟರಿನ ಸ್ಕ್ರೂ ತಲೆಗೆ ಒತ್ತಿ ಹಿಡಿದು ಟ್ರಿಗರ್ ಒತ್ತಿದರೆ ‘ಚಟ್’ ಎನ್ನುತ್ತದೆ. ಒಂದು ಸೆಕೆಂಡ್ ಬಿಟ್ಟು ಇನ್ನೊಂದು. ಒಂದೊಂದು ಜಾಗಕ್ಕೂ ಕನಿಷ್ಠ ಹತ್ತು ಏಟು.

ಒಣ ಹವೆಯಲ್ಲಿ ನೈಲಾನ್ ಬಟ್ಟೆ ತೊಟ್ಟು ಓಡಾಡುವ ಮನುಷ್ಯನ ಮೈಯಲ್ಲಿ ಸಾವಿರಾರು ವೋಲ್ಟ್ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ಸುಮಾರು 3 ಸಾವಿರ ವೋಲ್ಟ್ ದಾಟಿದರಷ್ಟೇ ಬೆರಳಿಗೆ ಷಾಕ್ ಗೊತ್ತಾಗುವುದು. ಕೆಲವು ಚಿಪ್‌ಗಳಿಗಾದರೆ ನೂರು ವೋಲ್ಟೂ ಹೆಚ್ಚು! ಕೈಯಲ್ಲೊಂದು ಲೋಹದ ವಸ್ತು ಹಿಡಿದ ಮನುಷ್ಯನ ಬದಲಿಗೆ ಗನ್ನಿನೊಳಗೆ 150 ಪಿಕೋಫ್ಯಾರಡ್‌ನ ಕೆಪಾಸಿಟರ್, 330 ಓಮ್‌ನ ರೆಸಿಸ್ಟರ್ ಇಟ್ಟಿರುತ್ತಾರೆ. ಲೆಕ್ಕವೆಲ್ಲ ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು. ಲೋಹಕ್ಕೆ ತಾಗಿಸಿ ಹೊಡೆಯುವುದು 8 ಸಾವಿರ ವೋಲ್ಟ್‌ವರೆಗೆ. ಪ್ಲಾಸ್ಟಿಕ್ ಭಾಗಕ್ಕೆ ದುಂಡು ಮೊನೆಯನ್ನು ಗಾಳಿಯಲ್ಲಿ ತಂದು ಹೊಡೆಯುವುದು 15 ಸಾವಿರದವರೆಗೆ. ಗಾಳಿಯ ತೇವಾಂಶ 30ರಿಂದ 60 ಪ್ರತಿಶತದೊಳಗೆ ಇರಲೇಬೇಕು, ಇಲ್ಲದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

8 ಸಾವಿರ ವೋಲ್ಟ್‌ನ ಏಟಿನಲ್ಲಿ ಹರಿಯುವ ಕರೆಂಟು ಒಂದು ಕ್ಷಣಕ್ಕೆ 30 ಆಂಪಿಯರ್ ಮುಟ್ಟುತ್ತದೆ. 2 ಕಿಲೋವ್ಯಾಟ್‌ನ ಗೀಸರ್ ಎಳೆಯುವುದು 9 ಆಂಪಿಯರ್ ಆಸುಪಾಸು. ಆದರೆ ಕಿಡಿಯಲ್ಲಿರುವ ಒಟ್ಟು ಶಕ್ತಿ 5 ಮಿಲಿಜೌಲ್‌ನಷ್ಟೂ ಇಲ್ಲ. ಹಾಗಿದ್ದೂ ಅದು ತೊಂದರೆ ಕೊಡುವುದು ವೇಗದಿಂದ. ಒಂದು ನ್ಯಾನೋಸೆಕೆಂಡ್‌ನೊಳಗೆ ಕರೆಂಟು ತುದಿಗೇರುವಾಗ ಬೋರ್ಡಿನ ಮೇಲಿನ ಪ್ರತಿ ತಾಮ್ರದ ಗೆರೆಯೂ ಆಂಟೆನಾ ಆಗಿಬಿಡುತ್ತದೆ. ಕಿಡಿ ಬಿದ್ದದ್ದು ಸ್ಕ್ರೂ ಮೇಲೆ, ದಾರಿ ತಪ್ಪಿದ್ದು ಆ ಮೂಲೆಯ ಪ್ರೊಸೆಸರ್. ಸೊನ್ನೆ ಇದ್ದಲ್ಲಿ ಒಂದು ಎಂದು ಓದುತ್ತದೆ, ಡಿಸ್ಪ್ಲೇ ಹ್ಯಾಂಗ್ ಆಗುತ್ತದೆ, ಮೀಟರು ತನ್ನಷ್ಟಕ್ಕೆ ರೀಸೆಟ್ ಆಗುತ್ತದೆ.

ಏಟು ತಿಂದರೂ ಏನೂ ಆಗದಿದ್ದರೆ ‘ಎ’ ದರ್ಜೆ. ಕೊಂಚ ತಡವರಿಸಿ ತಾನೇ ಸರಿಹೋದರೆ ‘ಬಿ’. ಯಾರಾದರೂ ಆಫ್ ಮಾಡಿ ಆನ್ ಮಾಡಬೇಕಾಗಿ ಬಂದರೆ ‘ಸಿ’. ಸುಟ್ಟೇ ಹೋದರೆ ಮಾತಿಲ್ಲ. ನನ್ನ ಮಟ್ಟಿಗೆ ಸುಟ್ಟ ಮೀಟರಿಗಿಂತ ಭಯ ಹುಟ್ಟಿಸುವುದು ಸುಳ್ಳು ಹೇಳುವ ಮೀಟರು. ಅದಕ್ಕೇ ಪರೀಕ್ಷೆಯಲ್ಲಿ ಮೀಟರಿಗೆ ವೋಲ್ಟೇಜ್ ಮಾತ್ರ ಕೊಟ್ಟು ಲೋಡ್ ಕೊಡುವುದಿಲ್ಲ. ಕಿಡಿಗಳ ಸುರಿಮಳೆ ಮುಗಿದ ಮೇಲೆ ಯೂನಿಟ್ ಸಂಖ್ಯೆ ಅತ್ಯಲ್ಪ ಮಿತಿಯಾಚೆ ಕದಲಿದ್ದರೆ ಫೇಲ್.

ಕಣ್ಣಿಗೆ ಕಾಣದ ಪೆಟ್ಟು ಬೇರೆ ಇರುತ್ತದೆ. ಚಿಪ್ಪಿನೊಳಗಿನ ತೆಳು ಆಕ್ಸೈಡ್ ಪದರ ಅರ್ಧಂಬರ್ಧ ತೂತಾಗಿ, ಅಂದು ಪಾಸಾದ ಉಪಕರಣ ತಿಂಗಳುಗಟ್ಟಲೆ ನಡೆದು ಆಮೇಲೆ ಕೈಕೊಡಬಹುದು. ಆದ್ದರಿಂದ ಗನ್ನಿನ ಏಟು ತಿಂದ ಸ್ಯಾಂಪಲ್ಲನ್ನು ಗಿರಾಕಿಗೆ ಮಾರುವಂತಿಲ್ಲ.

ಫೇಲಾದಾಗ ಡಿಸೈನ್ ಎಂಜಿನಿಯರ್ ಬ್ಯಾಗಿನಿಂದ ತಾಮ್ರದ ಟೇಪು ಹೊರಬರುತ್ತದೆ. ಕಿಡಿ ಹೆಚ್ಚಾಗಿ ನುಸುಳುವುದು ಡಿಸ್ಪ್ಲೇ ಗಾಜಿನ ಅಂಚಿನ ಸಂದಿನಲ್ಲಿ, ಪುಶ್ ಬಟನ್ನಿನ ಸುತ್ತ. ಅದನ್ನು ತಡೆಯುವುದಕ್ಕಿಂತ ಬೋರ್ಡಿಗೆ ಹೋಗದಂತೆ ಬೇರೆ ಸಲೀಸು ದಾರಿ ತೋರಿಸುವುದೇ ಜಾಣತನ. ಕನೆಕ್ಟರ್ ಬುಡದಲ್ಲೇ, ವೋಲ್ಟೇಜ್ ಜಿಗಿದಾಗ ಅದನ್ನು ಗ್ರೌಂಡಿಗೆ ಹರಿಸಿಬಿಡುವ ಒಂದು ಟಿವಿಎಸ್ ಡಯೋಡ್ ಕೂರಿಸಿದರೆ ಎಷ್ಟೋ ಸಲ ಕೆಲಸ ಆಗುತ್ತದೆ. ಅದನ್ನೇ ಕಿಡಿ ನುಗ್ಗುವ ಬಾಯಿಯಿಂದ ಎರಡು ಇಂಚು ಒಳಗೆ ಹಾಕಿದರೆ ದುಡ್ಡು ದಂಡ.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕಿಡಿ ಹೊಡೆದು ಮೀಟರನ್ನು ಮಂಕಾಗಿಸಿ ಕರೆಂಟ್ ಕದಿಯುವ ಚಾಲಾಕಿಗಳು ಹುಟ್ಟಿಕೊಂಡರು. ಅವರ ಕೈಯ ಸಾಧನ 15 ಸಾವಿರ ವೋಲ್ಟ್‌ಗೆ ನಿಲ್ಲಬೇಕೆಂದು ಯಾವ ಮಾನದಂಡವೂ ಹೇಳುವುದಿಲ್ಲವಲ್ಲ. ಹಾಗಾಗಿ ವಿದ್ಯುತ್ ಕಂಪನಿಗಳು ಮೀಟರ್ ಟೆಂಡರ್‌ಗಳಲ್ಲಿ 35 ಸಾವಿರ ವೋಲ್ಟ್ ತಡೆದುಕೊಳ್ಳಬೇಕೆಂಬ ಷರತ್ತು ಸೇರಿಸತೊಡಗಿದವು. ತಡೆಯಲಾಗದಿದ್ದರೆ, ಕಿಡಿ ಬಿದ್ದ ದಿನಾಂಕ, ಗಂಟೆ ಸಮೇತ ಮೀಟರು ತನ್ನ ಮೆಮೊರಿಯಲ್ಲಿ ದಾಖಲಿಸಿ ಕಂಪನಿಗೆ ಚಾಡಿ ಹೇಳಬೇಕು.