ಕೀಟನಾಶಕಗಳಲ್ಲಿರುವ ಕ್ಸೈಲೀನ್ ದ್ರಾವಕ: ಅದರಿಂದೊದಗುವ ಅಪಾಯಗಳು

ಪೈರಿಗೆ ಸಿಂಪಡಿಸುವ ಔಷಧಗಳಲ್ಲಿ ಕೆಲವು ನೀರಿಗೆ ಬೆರೆಸಿದೊಡನೆ ಹಾಲಿನಂತೆ ಬೆಳ್ಳಗಾಗುವುದನ್ನು ರೈತರೆಲ್ಲರೂ ಕಂಡಿರುವರು. ಇವುಗಳಲ್ಲಿರುವ ವಿಷವಸ್ತುವು ನೀರಿನಲ್ಲಿ ಸುಲಭವಾಗಿ ಕರಗದ ಕಾರಣ, ಅದನ್ನು ಮೊದಲು ಒಂದು ದ್ರಾವಕದಲ್ಲಿ ಕರಗಿಸಿರುವರು. ಇಂತಹ ದ್ರಾವಕಗಳಲ್ಲಿ ಕ್ಸೈಲೀನ್ ಎಂಬುದೊಂದು. ಇದು ಕಲ್ಲೆಣ್ಣೆಯಿಂದ ತೆಗೆಯುವ ಬಣ್ಣವಿಲ್ಲದ ದ್ರವ. ಬಣ್ಣ ಮತ್ತು ವಾರ್ನಿಷಿನ ಕೈಗಾರಿಕೆಯಲ್ಲಿಯೂ ಬಳಕೆಯಲ್ಲಿದೆ. ವಿಷಕ್ಕೆ ಅಂಜುವವರು ಸಹ ಈ ದ್ರಾವಕದ ಗುಣಗಳನ್ನು ಅರಿಯದಿರುವುದುಂಟು.

ಬೆಂಕಿಯ ಭಯ.— ಸುಮಾರು 27 ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕ್ಸೈಲೀನಿನ ಆವಿಯು ಕಿಡಿ ತಗಲಿದರೆ ಹೊತ್ತಿಕೊಳ್ಳುವುದು. ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಬೇಸಗೆಯ ಶಾಖವು 40 ಡಿಗ್ರಿಯನ್ನು ಮೀರುವುದರಿಂದ, ಮುಚ್ಚಿದ ಕೋಣೆಯಲ್ಲಿ ಸೋರುವ ಡಬ್ಬಿಯೊಂದೇ ಅನರ್ಥಕ್ಕೆ ಸಾಕು. ಆವಿಯು ಗಾಳಿಗಿಂತ ಮೂರೂವರೆ ಪಾಲಿಗೂ ಹೆಚ್ಚು ಭಾರವಾದುದು. ನೆಲದ ಮೇಲೆ ಹರಿದು ದೂರದ ಒಲೆಯನ್ನೋ ದೀಪವನ್ನೋ ಮುಟ್ಟಬಲ್ಲದು. ಉರಿಯುವಾಗ ನೀರು ಸುರಿಯತಕ್ಕದ್ದಲ್ಲ. ದ್ರವವು ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲಿ ಬೆಂಕಿಯನ್ನು ಹರಡುವುದು. ಅಲ್ಪವಾದ ಬೆಂಕಿಯನ್ನು ಒಣಮರಳಿನಿಂದ ಮುಚ್ಚಬೇಕು. ದೊಡ್ಡದಾದರೆ ಜನರನ್ನು ದೂರ ಸರಿಸಿ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

ದೇಹಕ್ಕೆ ಹಾನಿ.— ಆವಿಯನ್ನು ಉಸಿರಾಡಿದವರಿಗೆ ತಲೆನೋವು, ತಲೆಸುತ್ತು, ಓಕರಿಕೆಗಳು ಉಂಟಾಗುವುವು. ಹೆಚ್ಚಾದರೆ ಎಚ್ಚರ ತಪ್ಪುವುದು. ಬಟ್ಟೆಯ ಮುಖವಾಡವು ಆವಿಯನ್ನು ತಡೆಯಲಾರದು. ಚರ್ಮಕ್ಕೆ ತಗಲಿದರೆ ಅದರ ಜಿಡ್ಡು ಹೋಗಿ ಬಿರುಕು ಬಿಡುವುದು. ಈ ಔಷಧವನ್ನು ಯಾರಾದರೂ ಕುಡಿದ ಪಕ್ಷದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ವಾಡಿಕೆಯನ್ನು ಬಿಡತಕ್ಕದ್ದು. ವಾಂತಿಯಾಗುವಾಗ ದ್ರಾವಕವು ಶ್ವಾಸಕೋಶವನ್ನು ಹೊಕ್ಕು ಪ್ರಾಣಾಂತಿಕವಾದ ಉರಿಯೂತವನ್ನುಂಟುಮಾಡಬಹುದು. ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಔಷಧದ ಡಬ್ಬಿಯ ಚೀಟಿಯನ್ನೂ ವೈದ್ಯರಿಗೆ ತೋರಿಸಬೇಕು.

ಜಮೀನುದಾರರು ಗಮನಿಸತಕ್ಕ ಅಂಶಗಳು.—

1. ಔಷಧವನ್ನು ವಾಸದ ಮನೆ, ಅಡಿಗೆಮನೆ, ಹುಲ್ಲಿನ ಬಣವೆ ಮತ್ತು ಕೊಟ್ಟಿಗೆಗಳಿಂದ ದೂರದಲ್ಲಿ, ಗಾಳಿಯಾಡುವ ತಂಪಾದ ಕೋಣೆಯಲ್ಲಿಟ್ಟು ಬೀಗ ಹಾಕಬೇಕು.
2. ಬೆರೆಸುವ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಸಮೀಪದಲ್ಲಿ ಬೀಡಿ ಸೇದಗೊಡಿಸಬಾರದು.
3. ಔಷಧವನ್ನು ಬೇರೆ ಸೀಸೆಗೆ ತುಂಬಬಾರದು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಧಾನ್ಯಗಳನ್ನು ಇಡಬಾರದು.
4. ಚೀಟಿಯಲ್ಲಿ ಹೇಳಿದ ಕೈಗವಸು ಮುಂತಾದುವನ್ನು ಕೂಲಿಯಾಳುಗಳಿಗೆ ಒದಗಿಸಬೇಕು.

ಸಿಂಪಡಿಸುವ ಆಳಿಗೆ ಚೀಟಿಯನ್ನು ಓದಲು ಬಾರದಿರಬಹುದು. ಅದನ್ನು ಓದಿ ತಿಳಿಯಹೇಳುವುದು ಯಜಮಾನನ ಕರ್ತವ್ಯ. ಗ್ರಾಮದ ಮುಖಂಡರು ಬಿತ್ತನೆಯ ಕಾಲಕ್ಕೆ ಮುಂಚೆಯೇ ಈ ಸಂಗತಿಗಳನ್ನು ಊರವರಿಗೆ ತಿಳಿಯಪಡಿಸಿದಲ್ಲಿ, ಪೈರಿನೊಡನೆ ಪ್ರಾಣವೂ ಉಳಿಯುವುದು.