ಅವಾರ್ಡು ಎಂಬ ಮಾತು

ಪ್ರತಿ ವರ್ಷ ಗಣರಾಜ್ಯ ದಿನದ ಮುನ್ನಾದಿನ ರಾತ್ರಿ ರೇಡಿಯೋದ ವಾರ್ತೆಗೆ ಕಿವಿಗೊಟ್ಟವರು ಪದ್ಮ ಪ್ರಶಸ್ತಿಗಳ ಸುದ್ದಿಯನ್ನು ಕೇಳುತ್ತಾರೆ. ವಾರ್ತೆ ಓದುವವರು ‘ಪ್ರಶಸ್ತಿ’ ಎನ್ನುತ್ತಾರೆ. ಕೇಳಿದವರು ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ‘ಅವರಿಗೆ ಅವಾರ್ಡು ಬಂತಂತೆ’ ಎನ್ನುತ್ತಾರೆ. ಎರಡೂ ಒಂದೇ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಾದರೆ ಬೈಂದೂರಿನ ಬಸ್ಸಿನಲ್ಲಿ ಹೀಗೊಂದು ಮಾತುಕತೆ ನಡೆಯಿತೆಂದು ಇಟ್ಟುಕೊಳ್ಳೋಣ:

“ನಮ್ಮ ಜಾಗಕ್ಕೆ ಅವಾರ್ಡ್ ಆಯ್ತ್ ಮಾರಾಯ್ರೆ.”

“ಹೌದಾ? ಸನ್ಮಾನ ಯಾವತ್ತ್?”

“ಸನ್ಮಾನ ಎಂತದ್! ಜಾಗ ರಸ್ತೆಗ್ ಹೋಯ್ತ್.”

ನಗು ಬರುವ ಮಾತೇ. ಆದರೆ ಜಾಗ ಕಳೆದುಕೊಂಡವರು ಆಡಿದ ಮಾತಿನಲ್ಲಿ ತಪ್ಪಿಲ್ಲ. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲ ಮಾಡುವಾಗ ಎಷ್ಟೋ ಮನೆಯವರ ಬಾಯಲ್ಲಿ ಈ ಮಾತು ಇತ್ತು. ಸರಕಾರವು ಸಾರ್ವಜನಿಕ ಕೆಲಸಕ್ಕೆ ಭೂಮಿಯನ್ನು ತೆಗೆದುಕೊಳ್ಳುವಾಗ ಅಧಿಕಾರಿಯು ಸ್ಥಳವನ್ನು ಅಳೆದು, ಹಕ್ಕುದಾರರ ಅಹವಾಲನ್ನು ಕೇಳಿ, ಇಂಥವರಿಗೆ ಇಷ್ಟು ಪರಿಹಾರವೆಂದು ಬರೆದು ಹೊರಡಿಸುವ ನಿರ್ಣಯಕ್ಕೆ ‘ಅವಾರ್ಡು’ ಎಂದೇ ಹೆಸರು. 1894ರ ಭೂಸ್ವಾಧೀನ ಕಾಯಿದೆಯಲ್ಲಿಯೂ ಈ ಪದವೇ ಇತ್ತು. ಅದರ ಸ್ಥಾನಕ್ಕೆ ಬಂದ 2013ರ ಕಾಯಿದೆಯಲ್ಲಿಯೂ ಇದೆ. ನಮ್ಮ ಕಚೇರಿಗಳ ಕನ್ನಡದಲ್ಲಿ ಇದು ‘ಐತೀರ್ಪು’. ನದಿ ನೀರಿನ ಹಂಚಿಕೆಯ ಸುದ್ದಿಯಲ್ಲಿಯೂ ಆ ಮಾತನ್ನು ನೀವು ಕೇಳಿರುತ್ತೀರಿ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಕೊಟ್ಟ ಅಂತಿಮ ಐತೀರ್ಪೂ ಇಂಗ್ಲಿಷಿನಲ್ಲಿ ಅವಾರ್ಡೇ.

ಒಬ್ಬರಿಗೆ ಶಾಲು ಹೊದಿಸುವುದಕ್ಕೂ ಇನ್ನೊಬ್ಬರ ಗದ್ದೆಯನ್ನು ರಸ್ತೆಗೆ ತೆಗೆದುಕೊಳ್ಳುವುದಕ್ಕೂ ಒಂದೇ ಹೆಸರು ಹೇಗೆ ಬಂತು? ಪದದ ಹುಟ್ಟನ್ನು ನೋಡಿದರೆ ಗಂಟು ಬಿಚ್ಚುತ್ತದೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ಮಾತು ನಡೆಯುತ್ತಿತ್ತು. ಆ ಫ್ರೆಂಚಿನಿಂದ ಬಂದ ಪದ ಇದು. ಅದರ ಮೂಲದಲ್ಲಿ ಇರುವ ಅರ್ಥ ‘ಗಮನವಿಟ್ಟು ನೋಡುವುದು’. ನೋಡಿ, ಪರೀಕ್ಷಿಸಿ, ಆಮೇಲೆ ತೀರ್ಮಾನ ಹೇಳುವುದೇ ಅವಾರ್ಡು. ಇಬ್ಬರ ನಡುವಿನ ವ್ಯಾಜ್ಯದಲ್ಲಿ ಮಧ್ಯಸ್ಥರಾಗಿ ಕೂತವರು ಹೇಳುವ ತೀರ್ಮಾನಕ್ಕೆ ಮೊದಲು ಈ ಹೆಸರು ಬಂತು. ಸ್ಪರ್ಧೆಯಲ್ಲಿ ಗೆದ್ದವರಿಗೆ, ಒಳ್ಳೆಯ ಕೆಲಸ ಮಾಡಿದವರಿಗೆ ಕೊಡುವ ಗೌರವಕ್ಕೆ ಅದು ತಗುಲಿಕೊಂಡದ್ದು ಆಮೇಲೆ. ಅಲ್ಲಿಯೂ ಯಾರೋ ಕೂತು, ನೋಡಿ, ತೀರ್ಮಾನಿಸಬೇಕಲ್ಲವೇ? ‘ರಿವಾರ್ಡ್’ ಎಂಬುದು ಇದೇ ಮನೆತನದ ಪದ. ಕಳ್ಳನನ್ನು ಹಿಡಿದುಕೊಟ್ಟವರಿಗೆ ಪೊಲೀಸರು ಸಾರುವ ಇನಾಮು ಅದು. ‘ಪ್ರೈಜ್’ ಎಂಬುದು ಮಾತ್ರ ಬೇರೆ ಮನೆಯದು. ಬೆಲೆ ಎಂಬ ಅರ್ಥದ ‘ಪ್ರೈಸ್’ ಅದರ ನೆಂಟ.

ನಮ್ಮ ಕನ್ನಡ ಪದಗಳ ಒಳಗೆ ಏನಿದೆ, ಅದನ್ನೂ ನೋಡೋಣ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಸಿಗುವ ‘ಬಹುಮಾನ’ದ ಅಕ್ಷರಾರ್ಥ ಹೆಚ್ಚಿನ ಮರ್ಯಾದೆ ಎಂದು, ತಟ್ಟೆ ಲೋಟಗಳ ಮಾತು ಅದರಲ್ಲಿ ಇಲ್ಲ. ‘ಪಾರಿತೋಷಕ’ ಎಂದರೆ ಸಂತೋಷಪಟ್ಟವರು ಕೊಡುವಂಥದು. ‘ಪುರಸ್ಕಾರ’ ಎಂದರೆ ಒಬ್ಬರನ್ನು ಎಲ್ಲರ ಮುಂದೆ ಇರಿಸುವುದು. ‘ಪ್ರಶಸ್ತಿ’ ಎಂದರೆ ಹೊಗಳಿಕೆ. ಕೊಡುವವರ ಸಂತೋಷ, ಪಡೆಯುವವರ ಮರ್ಯಾದೆ, ಸಭೆಯ ಹೊಗಳಿಕೆ, ಇವೆಲ್ಲ ನಮ್ಮ ಪದಗಳಲ್ಲಿ ಇವೆ. ಇಂಗ್ಲಿಷ್ ಪದದಲ್ಲಿ ಇರುವ ‘ನೋಡಿ ತೀರ್ಮಾನಿಸುವುದು’ ಎಂಬ ಭಾಗ ಮಾತ್ರ ಇವುಗಳಲ್ಲಿ ಎದ್ದು ಕಾಣುವುದಿಲ್ಲ.

ಪ್ರಶಸ್ತಿ ಎಂಬ ಪದ ಮೊದಲು ಶಾಸನದ್ದು. ಐಹೊಳೆಯ ಮೇಗುಟಿಯ ಜಿನಾಲಯದಲ್ಲಿ 634ರಲ್ಲಿ ರವಿಕೀರ್ತಿ ಎಂಬ ಕವಿ ಕೆತ್ತಿಸಿದ ಪ್ರಶಸ್ತಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಹೊಗಳಿಕೆ. ಅಂದು ಕವಿ ಬರೆಯುತ್ತಿದ್ದನು, ಅರಸನು ಹೊಗಳಿಸಿಕೊಳ್ಳುತ್ತಿದ್ದನು. ಇಂದು ಸರಕಾರ ಬರೆಯುತ್ತದೆ, ಕವಿ ತೆಗೆದುಕೊಳ್ಳುತ್ತಾನೆ. ಪ್ರಶಸ್ತಿ ದಿಕ್ಕು ಬದಲಿಸಿತೆನ್ನಬಹುದು!

ಬಿರುದಿನ ಸಂಗತಿಗೆ ಅಷ್ಟು ದೂರ ಹೋಗಬೇಕಿಲ್ಲ. ಈಗಿನ ಬ್ರಹ್ಮಾವರ ತಾಲೂಕಿನ ಬಾರಕೂರು ಒಂದು ಕಾಲದಲ್ಲಿ ಆಳುಪರ ರಾಜಧಾನಿ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯ ಪಟ್ಟಣ. ವಿಜಯನಗರದ ಅರಸರ ಶಾಸನಗಳನ್ನು ಓದಿದರೆ ಹೆಸರಿಗಿಂತ ಮೊದಲು ಬಿರುದುಗಳ ಸಾಲು ಎದುರಾಗುತ್ತದೆ. ಅವುಗಳಲ್ಲಿ ಒಂದು ‘ಭಾಷೆಗೆ ತಪ್ಪುವ ರಾಯರ ಗಂಡ’. ಇಲ್ಲಿ ಭಾಷೆ ಎಂದರೆ ಕೊಟ್ಟ ಮಾತು. ಮಾತಿಗೆ ತಪ್ಪಿದ ಅರಸರನ್ನು ದಂಡಿಸುವವನು ಎಂದು ಅರ್ಥ. ಇಂಥ ಬಿರುದನ್ನು ಹೊತ್ತವನು ತಾನೇ ಮಾತಿಗೆ ತಪ್ಪಿದರೆ ಬಿರುದೇ ಅವನನ್ನು ಹಂಗಿಸುತ್ತದೆ. ಬಿರುದು ಬರಿಯ ಅಲಂಕಾರವಲ್ಲ, ಹೊರೆಯೂ ಹೌದು.

ಬ್ರಿಟಿಷರ ಕಾಲಕ್ಕೆ ಬಂದರೆ ರಾವ್ ಸಾಹೇಬ್, ರಾವ್ ಬಹಾದೂರ್, ದಿವಾನ್ ಬಹಾದೂರ್, ಸರ್ ಎಂಬ ಪದವಿಗಳು. ಇವು ಹೆಸರಿಗೆ ಅಂಟಿಕೊಂಡೇ ಇರುತ್ತಿದ್ದವು. ಸ್ವತಂತ್ರ ಭಾರತ ಈ ಪದ್ಧತಿಯನ್ನು ಬೇಡವೆಂದಿತು. ಸಂವಿಧಾನದ 18ನೆಯ ಅನುಚ್ಛೇದದ ಪ್ರಕಾರ ಸೇನೆಯ ಮತ್ತು ವಿದ್ಯೆಯ ಪದವಿಗಳ ಹೊರತು ಸರಕಾರವು ಯಾರಿಗೂ ಬಿರುದನ್ನು ಕೊಡುವಂತಿಲ್ಲ. ಹಾಗಾದರೆ 1954ರಲ್ಲಿ ಆರಂಭವಾದ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಏನು? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1995ರಲ್ಲಿ ಕೋರ್ಟು ಕೊಟ್ಟ ಉತ್ತರ ನೆನಪಿಡತಕ್ಕದ್ದು. ಇವು ಬಿರುದುಗಳಲ್ಲ, ಆದುದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ. ಬಿರುದುಗಳಲ್ಲವಾದ್ದರಿಂದಲೇ ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು. ಆಮಂತ್ರಣ ಪತ್ರಿಕೆಯಲ್ಲಿ ‘ಪದ್ಮಶ್ರೀ ಇಂಥವರು’ ಎಂದು ಅಚ್ಚು ಹಾಕಿಸುವ ನಮ್ಮ ಸಂಘಗಳವರು ಇದನ್ನು ಗಮನಿಸಿದರೆ ಒಳ್ಳೆಯದು. ‘ಪದ್ಮಶ್ರೀ ಪ್ರಶಸ್ತಿ ಪಡೆದ ಇಂಥವರು’ ಎಂದರೆ ಗೌರವಕ್ಕೇನೂ ಕಡಿಮೆಯಾಗದು.

ಬಿರುದು ವ್ಯಕ್ತಿಗೆ ಅಂಟುತ್ತದೆ. ಅವಾರ್ಡು ಒಂದು ಕೆಲಸವನ್ನು ನೋಡಿ ಹೇಳಿದ ತೀರ್ಮಾನ. ಈ ವ್ಯತ್ಯಾಸವನ್ನು ತಿಳಿಯಲು ನಮ್ಮ ಮೂರು ತಾಲೂಕುಗಳಲ್ಲಿಯೇ ಮೂರು ಒಳ್ಳೆಯ ಉದಾಹರಣೆಗಳಿವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಒಂದು ಪುಸ್ತಕಕ್ಕೆ ಸಲ್ಲುವಂಥದು. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರಿಗೆ 1959ರಲ್ಲಿ ಅದು ಬಂದದ್ದು ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ. ಕಾರಂತರೆಂದರೆ ಕಾದಂಬರಿಗಳು ಎಂದುಕೊಂಡವರಿಗೆ ಇದು ಆಶ್ಚರ್ಯವಾದೀತು. ಇದೇ ಊರುಗಳ ಗದ್ದೆ ಬಯಲುಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಆಟದ ಮೇಲೆ ಬರೆದ ಪುಸ್ತಕವನ್ನು ದೇಶದ ಅಕಾಡೆಮಿ ತೆಗೆದು ನೋಡಿ ಗೌರವಿಸಿತು. ಬೈಂದೂರು ಕಡೆಯ ಮೊಗೇರಿಯವರಾದ ಗೋಪಾಲಕೃಷ್ಣ ಅಡಿಗರಿಗೆ 1974ರಲ್ಲಿ ‘ವರ್ಧಮಾನ’ ಎಂಬ ಕವನ ಸಂಗ್ರಹಕ್ಕೆ ಬಂತು. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರಿಗೆ 2009ರ ಪ್ರಶಸ್ತಿ ‘ಕ್ರೌಂಚ ಪಕ್ಷಿಗಳು’ ಎಂಬ ಕಥಾಸಂಗ್ರಹಕ್ಕೆ ಬಂತು. ಒಂದು ಕಲೆಯ ಅಧ್ಯಯನ, ಒಂದು ಕವಿತೆಗಳ ಪುಸ್ತಕ, ಒಂದು ಕಥೆಗಳ ಪುಸ್ತಕ. ಪ್ರಶಸ್ತಿಯ ಹೆಸರು ಮರೆತರೂ ತೊಂದರೆಯಿಲ್ಲ. ಪುಸ್ತಕದ ಹೆಸರು ನೆನಪಿದ್ದರೆ ಓದಬಹುದು.

ತೀರ್ಮಾನ ಎಂದ ಮೇಲೆ ಅದನ್ನು ಒಪ್ಪದಿರುವ ಹಕ್ಕೂ ಉಂಟು. ಭೂಮಿಯ ಐತೀರ್ಪು ಸರಿಯಲ್ಲವೆಂದು ಕಂಡ ಹಕ್ಕುದಾರನು ಪರಿಹಾರ ಹೆಚ್ಚಿಸಬೇಕೆಂದು ಮೇಲಿನ ವಿಚಾರಣೆಯನ್ನು ಕೇಳಬಹುದು. 1894ರ ಕಾಯಿದೆ ಆ ದಾರಿಯನ್ನು ಇಟ್ಟಿತ್ತು, 2013ರ ಕಾಯಿದೆಯೂ ಇಟ್ಟಿದೆ. ಗೌರವದ ಅವಾರ್ಡಿನಲ್ಲಿಯೂ ಹೀಗೆಯೇ. ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಬಂದಿತ್ತು. 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಅವರು ಅದನ್ನು ಪ್ರತಿಭಟನೆಯಾಗಿ ಹಿಂದಿರುಗಿಸಿದರು. ಕೊಟ್ಟವರು ಇವರನ್ನು ನೋಡಿ ತೀರ್ಮಾನಿಸಿದ್ದರು. ಇವರು ಕೊಟ್ಟವರನ್ನು ನೋಡಿ ತೀರ್ಮಾನಿಸಿದರು. ಒಂದನ್ನು ಮರಳಿಸಿದ ಅವರೇ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಬಂದ 1977ರ ಜ್ಞಾನಪೀಠ ಪ್ರಶಸ್ತಿಯನ್ನು ಸ್ವೀಕರಿಸಿದರು. ಅಂದರೆ ಪ್ರಶಸ್ತಿಯೇ ಬೇಡವೆಂಬ ಹಟ ಅದರಲ್ಲಿ ಇರಲಿಲ್ಲ. ಇಂದು ಅವರ ಊರಾದ ಕೋಟದಲ್ಲಿ ಅವರ ಹೆಸರಿನಲ್ಲಿಯೇ ‘ಕಾರಂತ ಹುಟ್ಟೂರ ಪ್ರಶಸ್ತಿ’ ಇದೆ. ಪ್ರಶಸ್ತಿಯನ್ನು ಹಿಂದಿರುಗಿಸಬಲ್ಲ ಒಬ್ಬರ ಹೆಸರಿನಲ್ಲಿ ಪ್ರಶಸ್ತಿ ಕೊಡುವುದೆಂದರೆ ಕೊಡುವವರ ಮೇಲೂ ಪಡೆಯುವವರ ಮೇಲೂ ಹೊಣೆ ಹೆಚ್ಚು.

ಈಗ ನಮ್ಮ ಊರುಗಳ ಸಭೆಗಳಿಗೆ ಬರೋಣ. ಸುಗ್ಗಿ ಮುಗಿದು ಮಳೆ ಹಿಡಿಯುವ ತನಕ ವಾರಕ್ಕೊಂದು ಸಮಾರಂಭ, ಸಮಾರಂಭಕ್ಕೆ ನಾಲ್ಕು ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೋ. ಇದರಲ್ಲಿ ತಪ್ಪೇನೂ ಇಲ್ಲ. ನಲವತ್ತು ವರ್ಷ ಮೇಳದಲ್ಲಿ ಗೆಜ್ಜೆ ಕಟ್ಟಿದವರನ್ನು, ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿಸಿದ ಮಾಸ್ತರರನ್ನು, ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಊರು ಕರೆದು ಕೂರಿಸುವುದು ಒಳ್ಳೆಯ ರೂಢಿ. ಆದರೆ ಆಯ್ಕೆ ಮಾಡುವ ಸಮಿತಿ ನೋಡದೆ, ವಿಚಾರಿಸದೆ, ಮುಖದಾಕ್ಷಿಣ್ಯಕ್ಕೆ ಕೊಟ್ಟರೆ ಅದು ಹೊಗಳಿಕೆಯಾದೀತು, ಅವಾರ್ಡಾಗದು. ಅಂಥದನ್ನು ಪಡೆದವರಿಗೂ ಅದರಿಂದ ಅನ್ಯಾಯವೇ. ನಿಜವಾಗಿ ಯೋಗ್ಯರಾದವರ ಶಾಲೂ ಉಳಿದ ಶಾಲುಗಳ ರಾಶಿಯಲ್ಲಿ ಒಂದಾಗಿ ಹೋಗುತ್ತದೆ.

ಆದುದರಿಂದ ಇನ್ನು ಮುಂದೆ ಒಂದು ಅವಾರ್ಡಿನ ಸುದ್ದಿ ಕಿವಿಗೆ ಬಿದ್ದರೆ ಮೂರು ಸಣ್ಣ ಪ್ರಶ್ನೆಗಳನ್ನು ಕೇಳಿ ನೋಡಿ. ತೀರ್ಮಾನಿಸಿದವರು ಯಾರು? ಅವರು ಏನನ್ನು ನೋಡಿ ತೀರ್ಮಾನಿಸಿದರು? ಆ ಕೆಲಸವನ್ನು ನಾವೂ ನೋಡಬಹುದೇ, ಓದಬಹುದೇ, ಕೇಳಬಹುದೇ? ಸಭೆಯಲ್ಲಿ ಮಾನಪತ್ರವನ್ನು ಓದುವಾಗ ಎಲ್ಲರೂ ಪಕ್ಕದವರೊಡನೆ ಮಾತಿಗೆ ತೊಡಗುವುದು ನಮ್ಮ ಅಭ್ಯಾಸ. ಮೂರು ಪ್ರಶ್ನೆಗಳಿಗೂ ಉತ್ತರ ಇರಬೇಕಾದದ್ದು ಆ ಮಾನಪತ್ರದಲ್ಲಿಯೇ. ಅಷ್ಟು ಹೊತ್ತು ಸುಮ್ಮನೆ ಕೂತು ಕೇಳಿದರೆ, ನೋಡಿ ತೀರ್ಮಾನಿಸುವ ಕೆಲಸದಲ್ಲಿ ನಾವೂ ಪಾಲುದಾರರಾದಂತೆ.